ಸ್ವಂತ ಕಾರಿಗಾಗಿ ಸಾಗರ ದಾಟಿದ ಸರ್ ಎಂವಿ

ಕೋಲಾರ: ಸ್ವಂತ ಕಾರಿನಲ್ಲಿ ಮೊದಲ ಬಾರಿಗೆ ವಿದೇಶಕ್ಕೆ ಹೊರಡುವವರಿಗೆ ಪ್ರಯಾಣಕ್ಕಿಂತ ಅದರ ಸಿದ್ಧತೆಯೇ ದೊಡ್ಡದು. ಸಾರಿಗೆ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಬೇಕು. ದೂರದ ಅನೇಕ ದೇಶಗಳಿಗಾದರೆ, ಕಾರನ್ನು ಅಲ್ಲಿಯೇ ಮಾರದೆ ಮರಳಿ ತರುವೆವೆಂಬ ಖಾತರಿಯ ‘ಕಾರ್ನೆ’ ಪತ್ರ ಮತ್ತು ಅದಕ್ಕೆ ಠೇವಣಿ ಬೇಕು. ವಿಮೆ, ವೀಸಾಗಳ ಜೊತೆಗೆ ವಾಹನದ ಹಿಂಬದಿಯಲ್ಲಿ ‘ಐಎನ್‌ಡಿ’ ಎಂಬ ದೇಶದ ಗುರುತೂ ಇರಬೇಕು. ಕೆಎ 07 ಸಂಖ್ಯೆಯ ಕಾರೊಂದು ಈ ಎಲ್ಲ ಪತ್ರಗಳೊಂದಿಗೆ ಕೋಲಾರದಿಂದ ಹೊರಡುವುದು ಇಂದು ಅಸಾಧ್ಯವೇನಲ್ಲ.

ತೊಂಬತ್ತು ವರ್ಷಗಳ ಹಿಂದೆ ಸ್ವಂತ ಕಾರು ಎಂಬ ಮಾತಿಗೆ ಅರ್ಧ ಅರ್ಥವಷ್ಟೇ ಇತ್ತು. ಹಣ ಇಲ್ಲಿನದು, ಕಾರು ಪರದೇಶದ್ದು. 1928ರಲ್ಲಿ ಬೊಂಬಾಯಿಯಲ್ಲಿ ಜನರಲ್ ಮೋಟಾರ್ಸ್ ಕಂಪನಿ ಘಟಕವೊಂದನ್ನು ತೆರೆದಿತ್ತಾದರೂ ಹೊರಗಿನಿಂದ ಬಂದ ಬಿಡಿಭಾಗಗಳನ್ನು ಜೋಡಿಸುವುದಷ್ಟೇ ಅದರ ಕೆಲಸವಾಗಿತ್ತು. ಭಾರತವು ತನ್ನ ಕಾರನ್ನು ತಾನೇ ತಯಾರಿಸಬೇಕು ಎಂದು ನಿಶ್ಚಯಿಸಿ, ಅದನ್ನು ಕಲಿತು ಬರಲು 1935ರಲ್ಲಿ ಹಡಗು ಹತ್ತಿದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಆಗ ಅವರ ವಯಸ್ಸು ಎಪ್ಪತ್ತನ್ನು ದಾಟಿ ನಾಲ್ಕೈದು ವರ್ಷಗಳೇ ಕಳೆದಿದ್ದವು.

ವಿಶ್ವೇಶ್ವರಯ್ಯನವರ ಜನ್ಮಸ್ಥಳ ಮುದ್ದೇನಹಳ್ಳಿ ಇಂದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ. 2007ರಲ್ಲಿ ಜಿಲ್ಲೆ ವಿಭಜನೆಯಾಗುವವರೆಗೆ ಅದು ಕೋಲಾರ ಜಿಲ್ಲೆಯ ಹಳ್ಳಿಯೇ ಆಗಿತ್ತು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮಗ ಓದುವ ವಯಸ್ಸಿನಲ್ಲಿರುವಾಗಲೇ ಅವರು ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಆರಂಭದ ಶಾಲೆ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ., ಮನೆಪಾಠ ಹೇಳಿ ಗಳಿಸಿದ ಹಣದಲ್ಲಿ ಜೀವನ. ಬಳಿಕ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಬೊಂಬಾಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದರು.

ಅವರ ಮೊದಲ ವಿದೇಶ ಪ್ರವಾಸ 1898ರದು. ಸಮುದ್ರ ದಾಟುವುದನ್ನು ಸಂಪ್ರದಾಯಸ್ಥರು ಇನ್ನೂ ದೋಷವೆಂದು ಎಣಿಸುತ್ತಿದ್ದ ಕಾಲ. ವಿದೇಶವೆಂದರೆ ಇಂಗ್ಲೆಂಡ್ ಎಂದೇ ವಿದ್ಯಾವಂತರು ತಿಳಿದಿದ್ದ ಕಾಲವೂ ಹೌದು. ವಿಶ್ವೇಶ್ವರಯ್ಯನವರು ಆರಿಸಿಕೊಂಡದ್ದು ಜಪಾನನ್ನು. 1868ರ ಮೇಜಿ ಪರಿವರ್ತನೆಯ ನಂತರ ಕೇವಲ ಮೂವತ್ತು ವರ್ಷಗಳಲ್ಲಿ ಆ ಪೌರ್ವಾತ್ಯ ದೇಶ ಶಾಲೆಗಳನ್ನೂ ಕಾರ್ಖಾನೆಗಳನ್ನೂ ಕಟ್ಟಿಕೊಂಡ ಬಗೆ ಅವರ ಆಸಕ್ತಿಯನ್ನು ಕೆರಳಿಸಿತ್ತು. ಮುಂದೆ 1908, 1919, 1926, 1935 ಮತ್ತು 1946ರಲ್ಲಿ ಅವರು ಪ್ರವಾಸ ಕೈಗೊಂಡರು. ಆರು ಪ್ರವಾಸಗಳಲ್ಲಿ ಒಂದನ್ನೂ ಅವರು ವಿಹಾರವೆಂದು ಭಾವಿಸಲಿಲ್ಲ. 1919–20ರ ಪ್ರವಾಸದ ಫಲವಾಗಿ ಭಾರತದ ಪುನರ್ನಿರ್ಮಾಣ ಕುರಿತ ಅವರ ಇಂಗ್ಲಿಷ್ ಗ್ರಂಥ ಹೊರಬಂತು.

ದಿವಾನರಾಗಿದ್ದ 1912ರಿಂದ 1918ರವರೆಗಿನ ಕಾಲದ ಸಾಧನೆಗಳು ನಾಡಿಗೆಲ್ಲ ತಿಳಿದಿವೆ. ಮೈಸೂರು ಬ್ಯಾಂಕು, ಸಾಹಿತ್ಯ ಪರಿಷತ್ತು, ವಿಶ್ವವಿದ್ಯಾಲಯಗಳನ್ನು ಇಲ್ಲಿ ಮತ್ತೆ ವಿವರಿಸಬೇಕಿಲ್ಲ. ಕೋಲಾರದವರು ಮರೆತಿರಬಹುದಾದ ಸಂಗತಿಯೊಂದಿದೆ. ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಸಣ್ಣ ರೈಲು ಬಂದದ್ದು, ಆಮೇಲೆ ಶ್ರೀನಿವಾಸಪುರ, ಚಿಂತಾಮಣಿಗಳ ಮೂಲಕ ಚಿಕ್ಕಬಳ್ಳಾಪುರದವರೆಗೆ ಹಳಿ ಬೆಳೆದದ್ದು ಅದೇ ಅವಧಿಯಲ್ಲಿ. ಎತ್ತಿನ ಗಾಡಿಯನ್ನೇ ನಂಬಿದ್ದ ಊರುಗಳಿಗೆ ಅದು ಹೊಸ ಲೋಕದ ಬಾಗಿಲಾಯಿತು. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಿವಿಲ್ ಸೇವೆಗೆ ಸೇರಿದ್ದೂ ಈ ದಿವಾನರ ಕಾಲದಲ್ಲಿಯೇ. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ವಿಶ್ವೇಶ್ವರಯ್ಯನವರ ಆಪ್ತರಲ್ಲಿ ಒಬ್ಬರು. ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ಅವರು ಬಿಡಿಸಿಟ್ಟ ದಿವಾನರ ಚಿತ್ರ ಇಂದಿಗೂ ಓದುಗರನ್ನು ಹಿಡಿದು ನಿಲ್ಲಿಸುತ್ತದೆ.

1918ರ ಕೊನೆಯಲ್ಲಿ ವಿಶ್ವೇಶ್ವರಯ್ಯನವರು ಅಧಿಕಾರ ಬಿಟ್ಟರು. ಹಿಂದುಳಿದ ವರ್ಗಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಮೀಸಲು ಕಲ್ಪಿಸುವ ವಿಷಯದಲ್ಲಿ ಮಹಾರಾಜರೊಂದಿಗೆ ಉಂಟಾದ ಭಿನ್ನಾಭಿಪ್ರಾಯ ಇದಕ್ಕೆ ಮುಖ್ಯ ಕಾರಣ. ಅವರ ಆ ನಿಲುವಿಗೆ ಟೀಕೆ ಇಂದಿಗೂ ಇದೆ, ಅದು ನ್ಯಾಯವಾದ ಟೀಕೆಯೂ ಹೌದು. ರಾಜೀನಾಮೆ ಕೊಡಲು ಸರ್ಕಾರಿ ಕಾರಿನಲ್ಲಿ ಹೋದವರು ಮನೆಗೆ ಸ್ವಂತ ಕಾರಿನಲ್ಲಿ ಮರಳಿದರು ಎಂಬ ಕಥೆಯನ್ನು ನಮ್ಮ ಶಾಲೆಗಳಲ್ಲಿ ಮೂರು ತಲೆಮಾರುಗಳ ಮಕ್ಕಳು ಕೇಳಿದ್ದಾರೆ. ಮಕ್ಕಳಿಗೆ ಹೇಳದೆ ಬಿಡುವ ಮಾತೊಂದಿದೆ. ಅಂದಿನ ಸರ್ಕಾರಿ ಕಾರೂ ವಿದೇಶದ್ದೇ, ಸ್ವಂತ ಕಾರೂ ವಿದೇಶದ್ದೇ.

ನಿವೃತ್ತಿಯ ನಂತರ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಮೇಲೆತ್ತುವ ಹೊಣೆ ಅವರ ಹೆಗಲೇರಿತು. ಕಬ್ಬಿಣವನ್ನು ತಾವೇ ಕರಗಿಸಬಲ್ಲ ಜನ ಯಂತ್ರವನ್ನೇಕೆ ಮಾಡಲಾರರು ಎಂಬ ವಿಚಾರ ಅಲ್ಲಿ ಗಟ್ಟಿಯಾಗಿರಬೇಕು. ಯೋಜಿತ ಅರ್ಥವ್ಯವಸ್ಥೆಯ ಬಗೆಗೆ ಅವರು 1934ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕೈಗಾರಿಕೆಗೇ ಪ್ರಧಾನ ಸ್ಥಾನ. ಮರುವರ್ಷವೇ ಅವರು ಯುರೋಪು ಮತ್ತು ಅಮೆರಿಕಕ್ಕೆ ಹೊರಟರು. ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ನೋಡುವುದು ಆ ಪ್ರವಾಸದ ಪ್ರಮುಖ ಉದ್ದೇಶ. ಅಮೆರಿಕದ ಕಾರು ತಯಾರಿಕೆಯ ರಾಜಧಾನಿಯಾದ ಡೆಟ್ರಾಯಿಟ್ ನಗರವನ್ನೂ ಕಂಡರು. ಮರಳಿದ ಮೇಲೆ 1936ರಲ್ಲಿ ಬೊಂಬಾಯಿಯಲ್ಲಿ ಕಾರ್ಖಾನೆ ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿ ಉದ್ಯಮಿಗಳ ಮುಂದಿಟ್ಟರು.

ಕೈಜೋಡಿಸಿದವರು ವಾಲ್‌ಚಂದ್ ಹೀರಾಚಂದ್. ಬೊಂಬಾಯಿಯ ಕಾಂಗ್ರೆಸ್ ಸರ್ಕಾರವೂ ಒಲವು ತೋರಿತು. ಆದರೆ ಮಹಾಯುದ್ಧ ಆರಂಭವಾದ 1939ರಲ್ಲಿ ಆ ಸರ್ಕಾರ ರಾಜೀನಾಮೆ ಕೊಟ್ಟಿತು. ಆಗ ಮೈಸೂರು ಸರ್ಕಾರ ಮುಂದೆ ಬಂತು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದರು, ಕಾರ್ಖಾನೆ ಬೆಂಗಳೂರಿಗೇ ಬರಲಿ ಎಂಬುದು ಅವರ ಆಸೆ. ಕೋಲಾರದ ಗಡಿಗೆ ಇಷ್ಟು ಹತ್ತಿರದಲ್ಲಿ ದೇಶದ ಮೊದಲ ಕಾರು ಕಾರ್ಖಾನೆ ತಲೆಯೆತ್ತುವ ಸಾಧ್ಯತೆ ಇತ್ತು. ಬ್ರಿಟಿಷ್ ಆಡಳಿತ ಇದಕ್ಕೆ ಒಪ್ಪಲಿಲ್ಲ. ಯುದ್ಧಕಾಲದಲ್ಲಿ ಇಂತಹ ಉದ್ಯಮಕ್ಕೆ ಅವಕಾಶವಿಲ್ಲವೆಂದು ಅಡ್ಡಿಪಡಿಸಿತು. ದಶಕಗಳ ತಯಾರಿಯುಳ್ಳ ವೃದ್ಧರೊಬ್ಬರ ಶ್ರಮ ದೆಹಲಿಯ ಮೇಜಿನ ಮೇಲೆ ಹೀಗೆ ಕೈತಪ್ಪಿತು.

ಇದರಲ್ಲೊಂದು ತಿರುವೂ ಇದೆ. ಕಾರಿನ ಕೆಲಸಕ್ಕಾಗಿ ಅಮೆರಿಕಕ್ಕೆ ಹೋಗಿದ್ದ ವಾಲ್‌ಚಂದರಿಗೆ ಮರಳುವ ದಾರಿಯಲ್ಲಿ ವಿಲಿಯಂ ಪಾಲಿ ಎಂಬ ವಿಮಾನ ಉದ್ಯಮಿಯ ಪರಿಚಯವಾಯಿತು. ಆ ಪರಿಚಯದಿಂದ, ಮೈಸೂರು ಸರ್ಕಾರದ ಪಾಲುದಾರಿಕೆಯೊಂದಿಗೆ, 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು. ಕಾರು ಬಯಸಿದ ಊರಿಗೆ ವಿಮಾನ ಬಂತು. ಕಾರಿನ ಕಂಪನಿ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಬೊಂಬಾಯಿಯಲ್ಲಿಯೇ ಸ್ಥಾಪನೆಯಾಯಿತು. ಅದೇ ಕಂಪನಿಯ ಪದ್ಮಿನಿ ಕಾರುಗಳು ಮುಂಬೈನ ಟ್ಯಾಕ್ಸಿಗಳಾಗಿ 2023ರವರೆಗೂ ಓಡಿದವು.

ಮೋಟಾರು ಉದ್ಯಮ ಕೋಲಾರಕ್ಕೆ ಬರಲು ಮಾತ್ರ ಬಹುಕಾಲ ಹಿಡಿಯಿತು. ನರಸಾಪುರದಲ್ಲಿ 2013ರಲ್ಲಿ ದ್ವಿಚಕ್ರ ವಾಹನಗಳ ಬೃಹತ್ ಕಾರ್ಖಾನೆ ತೆರೆದದ್ದು ಹೋಂಡಾ. ವಿಶ್ವೇಶ್ವರಯ್ಯನವರು ಮೊದಲು ಕಲಿಯಲು ಹೋದ ಜಪಾನಿನ ಕಂಪನಿಯೇ ಅದು.

ವಿಶ್ವೇಶ್ವರಯ್ಯನವರ ಕೊನೆಯ ವಿದೇಶ ಪ್ರವಾಸ 1946ರದು. ಅಖಿಲ ಭಾರತ ತಯಾರಕರ ಸಂಘದ ನಿಯೋಗದ ನಾಯಕರಾಗಿ ಅವರು ಹೊರಟಾಗ ವಯಸ್ಸು ಎಂಬತ್ತೈದರ ಆಸುಪಾಸು. 1955ರಲ್ಲಿ ಭಾರತರತ್ನ ಗೌರವ ಸಂದಿತು. ನೂರು ವರ್ಷ ತುಂಬಿದ ಮೇಲೆ 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅವರ ಸಮಾಧಿ ಮುದ್ದೇನಹಳ್ಳಿಯಲ್ಲಿದೆ. ಅಲ್ಲಿನ ಸ್ಮಾರಕದಲ್ಲಿ ಅವರ ಕನ್ನಡಕ, ಪುಸ್ತಕಗಳು, ಪದಕಗಳ ಜೊತೆಗೆ, ಭೇಟಿಯ ಚೀಟಿಗಳನ್ನು ಮುದ್ರಿಸಲು ಬಳಸುತ್ತಿದ್ದ ಪುಟ್ಟ ಅಚ್ಚೊಂದನ್ನೂ ಕಾಪಾಡಿ ಇಡಲಾಗಿದೆ.