ಬಣ್ಣದ ಬೆನ್ನು ಹತ್ತಿದ ರಾಮನ್

ವೇಣೂರಿನ ಫಲ್ಗುಣಿಯಂತಹ ಹೊಳೆಯ ದಂಡೆಯಲ್ಲಿಯೋ ಕಡಲ ತೀರದಲ್ಲಿಯೋ ಒಳಮೈ ಹೊಳೆಯುವ ಚಿಪ್ಪೊಂದು ದೊರೆತರೆ ಅದನ್ನು ಬಿಸಿಲಿಗೆ ಹಿಡಿದು ಓರೆ ಮಾಡಿ ನೋಡಿರಿ. ಹಸಿರು, ನಸುಗೆಂಪು ಬಣ್ಣಗಳು ಅದರ ಮೇಲೆ ಸರಿದಾಡುತ್ತವೆ. ಚಿಪ್ಪನ್ನು ನುಣ್ಣಗೆ ಅರೆದರೆ ಉಳಿಯುವುದು ಬಿಳಿಯ ಹುಡಿ ಮಾತ್ರ. ಬಣ್ಣವೆಲ್ಲಿ ಹೋಯಿತು? ಬಾಲಕರು ಕೇಳುವಂತಹ ಈ ಪ್ರಶ್ನೆಯನ್ನು ನೊಬೆಲ್ ಪಾರಿತೋಷಕ ಪಡೆದ ಬಳಿಕವೂ ಕೇಳುತ್ತಿದ್ದವರು ಚಂದ್ರಶೇಖರ ವೆಂಕಟರಾಮನ್.

1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದ ರಾಮನ್ 1907ರಲ್ಲಿ ಮದರಾಸಿನಲ್ಲಿ ಎಂ.ಎ. ಮುಗಿಸಿ, ಕಲ್ಕತ್ತೆಯಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾದರು. ಹಗಲು ಲೆಕ್ಕಪತ್ರ, ಕಚೇರಿಯ ವೇಳೆ ಕಳೆದ ಮೇಲೆ ಪ್ರಯೋಗಶಾಲೆ. 1917ರಲ್ಲಿ ಪ್ರಾಧ್ಯಾಪಕ ಪದವಿ ಒದಗಿದಾಗ, ವೇತನ ಕಡಿಮೆಯೆಂದು ಬಲ್ಲವರಾಗಿಯೂ ಸರ್ಕಾರಿ ಹುದ್ದೆಯನ್ನು ತೊರೆದರು. 1928ರ ರಾಮನ್ ಪರಿಣಾಮ, 1930ರ ನೊಬೆಲ್ ಪಾರಿತೋಷಕ ಎಲ್ಲರೂ ಬಲ್ಲ ಸಂಗತಿಗಳು.

1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಆ ಪೀಠವನ್ನೇರಿದ ಮೊದಲ ಭಾರತೀಯರು ಅವರೇ. ಚಿಪ್ಪುಗಳ ಅಧ್ಯಯನ ನಡೆದುದು ಇಲ್ಲಿ. ಚಿಪ್ಪಿನ ಒಳಮೈ ಒಂದರ ಮೇಲೊಂದು ಜೋಡಿಸಿದ ಸುಣ್ಣಾಂಶದ ತೆಳು ಪದರಗಳಿಂದಾಗಿದೆ. ಪದರದ ದಪ್ಪ ಸುಮಾರು ಒಂದು ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲು. ಬೆಳಕು ಪ್ರತಿ ಪದರದಿಂದಲೂ ಸ್ವಲ್ಪ ಸ್ವಲ್ಪವಾಗಿ ಹಿಂದಿರುಗುತ್ತದೆ. ಹಾಗೆ ಮರಳುವ ಅಲೆಗಳು ಹೆಜ್ಜೆಗೆ ಹೆಜ್ಜೆ ಕೂಡಿದಾಗ ಒಂದು ಬಣ್ಣ ಉಜ್ವಲವಾಗುತ್ತದೆ. ಹೆಜ್ಜೆ ತಪ್ಪಿದ ಬಣ್ಣಗಳು ಮಂಕಾಗುತ್ತವೆ. ಓರೆ ಮಾಡಿದಾಗ ಬೆಳಕಿನ ಹಾದಿ ಬದಲಾಗಿ ಬಣ್ಣವೂ ಬದಲಾಗುತ್ತದೆ. ಇದಲ್ಲದೆ ಪದರಗಳ ಅಂಚುಗಳು ಮೇಲ್ಮೈಗೆ ಬಂದು ಸೂಕ್ಷ್ಮ ಗೆರೆಗಳಾಗಿ ನಿಲ್ಲುವೆಡೆ ಮತ್ತೊಂದು ಬಗೆಯ ಬಣ್ಣ ಹುಟ್ಟುತ್ತದೆ. ಮೇಣದ ಮೇಲೆ ಅಚ್ಚೊತ್ತಿದರೆ ಈ ಎರಡನೆಯ ಬಣ್ಣ ಮೇಣಕ್ಕೂ ಬರುತ್ತದೆ, ಮೊದಲನೆಯದು ಬರುವುದಿಲ್ಲ! ನಮ್ಮ ನಾಡಿನ ನೀಲಕಂಠ ಪಕ್ಷಿಯ ಗರಿಯನ್ನೂ ರಾಮನ್ ಪರೀಕ್ಷಿಸಿದರು. ಅದರ ನೀಲಿಗೂ ಯಾವ ನೀಲಿ ಬಣ್ಣದ್ರವ್ಯವೂ ಕಾರಣವಲ್ಲ, ಗರಿಯೊಳಗಿನ ಸೂಕ್ಷ್ಮ ರಚನೆಯೇ ಕಾರಣ.

ಆಡಳಿತದಲ್ಲಿ ಅವರಿಗೆ ಇಷ್ಟು ನೆಮ್ಮದಿ ದೊರೆಯಲಿಲ್ಲ. ಸ್ವಭಾವವೂ ಮೃದುವಾದುದಲ್ಲ. ಭಿನ್ನಾಭಿಪ್ರಾಯ ಬೆಳೆದು 1937ರಲ್ಲಿ ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ಆದರೆ ಅವರು ಬೆಂಗಳೂರನ್ನು ಬಿಡಲಿಲ್ಲ; ಅಲ್ಲಿಯೇ ಪ್ರಾಧ್ಯಾಪಕರಾಗಿ ಉಳಿದು, 1948ರಲ್ಲಿ ನಿವೃತ್ತರಾದರು. ಮೈಸೂರು ಅರಸರು ನೀಡಿದ್ದ ನೆಲದಲ್ಲಿ ಸ್ವಂತ ಸಂಶೋಧನಾಲಯವನ್ನು ಕಟ್ಟಿದರು. ಖನಿಜ, ಚಿಪ್ಪು, ಚಿಟ್ಟೆಗಳ ಸಂಗ್ರಹವೊಂದು ಅಲ್ಲಿ ಬೆಳೆಯಿತು.

1970ರ ನವೆಂಬರ್ 21ರಂದು ರಾಮನ್ ತೀರಿಕೊಂಡರು. ಆ ಆವರಣದಲ್ಲೇ ಅವರ ದೇಹಕ್ಕೆ ಅಗ್ನಿಸಂಸ್ಕಾರವಾಯಿತು. ಅಲ್ಲಿ ಸಮಾಧಿಯನ್ನು ಕಟ್ಟಲಿಲ್ಲ. ಒಂದು ಮರವನ್ನು ನೆಟ್ಟರು.