ಕೇಳಿ, ಎಣಿಸಿ, ಪಾಲು ಹಂಚಿದ ದೇವರಾಜ ಅರಸು: ಐವತ್ತು ವರ್ಷ ಹಿಂದಿನ ಮನೆ ಮನೆ ಸಮೀಕ್ಷೆಯ ಕಥೆ

ಬಸವೇಶ್ವರನಗರ: ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಭಾಗದಲ್ಲಿ 2025ರ ಸಮೀಕ್ಷೆ ಯಾರಿಗೂ ಮರೆತಿಲ್ಲ. ಮೀಟರ್ ರೀಡರ್‌ಗಳು ಬಂದು ಮನೆ ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿ ಹೋದರು. ಆಮೇಲೆ ಮೊಬೈಲ್ ಹಿಡಿದ ಸಿಬ್ಬಂದಿ ಬಂದು ಜಾತಿ, ಓದು, ಕೆಲಸ, ಆದಾಯ ಅಂತ 60 ಪ್ರಶ್ನೆ ಕೇಳಿದರು. ಕೆಲವರು ಕೂರಿಸಿ ಕಾಫಿ ಕೊಟ್ಟು ಉತ್ತರ ಹೇಳಿದರು. ಕೆಲವರು ಬಾಗಿಲೇ ತೆಗೆಯಲಿಲ್ಲ. ಮಾಹಿತಿ ಕೊಡುವುದು ಕಡ್ಡಾಯ ಅಲ್ಲ ಅಂತ ಹೈಕೋರ್ಟ್ ಹೇಳಿದ ಮೇಲೆ ಬೆಂಗಳೂರಿನಲ್ಲಿ ಹೀಗೆ ತಪ್ಪಿಸಿಕೊಂಡವರು ಬೇಕಾದಷ್ಟು ಜನ.

ಇದನ್ನೆಲ್ಲ ಯಾಕೆ ಕೇಳುತ್ತಾರೆ, ಕೇಳಿ ಏನು ಮಾಡುತ್ತಾರೆ ಅನ್ನೋ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಬೇಕಿದ್ದರೆ ಐವತ್ತು ವರ್ಷ ಹಿಂದಕ್ಕೆ ಹೋಗಬೇಕು. ನಮ್ಮ ಬಸವೇಶ್ವರನಗರದಲ್ಲಿ ಹಾವನೂರು ಸರ್ಕಲ್ ಅಂದರೆ ಬಸ್ಸಿನವರಿಂದ ಹಿಡಿದು ಆಟೋದವರ ತನಕ ಎಲ್ಲರಿಗೂ ಗೊತ್ತು. ಹಾವನೂರು ಅನ್ನೋ ಹೆಸರು ಇಡೀ ರಾಜ್ಯಕ್ಕೆ ಗೊತ್ತಾಗಿದ್ದು ಮಾತ್ರ ಒಂದು ವರದಿಯಿಂದ. ಆ ವರದಿ ಬರೆಸಿದವರು ಆಗಿನ ಮುಖ್ಯಮಂತ್ರಿ ಡಿ. ದೇವರಾಜ ಅರಸು.

ಹುಣಸೂರಿನ ರೈತ

ಅರಸು ಹುಟ್ಟಿದ್ದು 1915ರ ಆಗಸ್ಟ್ 20ರಂದು, ಮೈಸೂರು ಜಿಲ್ಲೆ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ. ಮೈಸೂರು ರಾಜಮನೆತನಕ್ಕೆ ಹತ್ತಿರದ ಅರಸು ಸಮುದಾಯ. ಹೆಸರು ದೊಡ್ಡದು, ಜನಸಂಖ್ಯೆ ಮಾತ್ರ ತೀರಾ ಕಡಿಮೆ. ಓದಿದ್ದು ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ. ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಡಿಗ್ರಿ ಆದ ಮೇಲೆ ನೌಕರಿ ಹುಡುಕದೆ ಊರಿಗೆ ವಾಪಸ್ ಹೋಗಿ ಹೊಲ ಗದ್ದೆ ನೋಡಿಕೊಂಡರು. ಅವರ ತಮ್ಮ ಕೆಂಪರಾಜ ಅರಸು ಸಿನಿಮಾಗೆ ಹೋದರು, ಇವರು ರಾಜಕೀಯಕ್ಕೆ ಬಂದರು.

1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆ ಆದರು. 1952ರ ಮೊದಲ ಚುನಾವಣೆಯಲ್ಲಿ ಹುಣಸೂರಿನಿಂದ ಶಾಸಕರಾದರು. 1960ರ ದಶಕದಲ್ಲಿ ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿಯೂ ಆದರು. ಆದರೆ ಮುಖ್ಯಮಂತ್ರಿ ಆಗ್ತಾರೆ ಅಂತ ಆಗ ಯಾರೂ ಲೆಕ್ಕ ಹಾಕಿರಲಿಲ್ಲ. 1956ರಲ್ಲಿ ಏಕೀಕರಣ ಆದಾಗಿನಿಂದ ಆ ಕುರ್ಚಿ ಮೇಲೆ ಕೂತವರೆಲ್ಲ ದೊಡ್ಡ ಸಮುದಾಯದವರೇ. ಓಟಿನ ಬಲ ಇಲ್ಲದ ಜಾತಿಯವನಿಗೆ ಅಲ್ಲಿ ಜಾಗ ಸಿಗುವುದು ಸುಲಭ ಇರಲಿಲ್ಲ.

1969ರಲ್ಲಿ ಕಾಂಗ್ರೆಸ್ ಒಡೆಯಿತು. ರಾಜ್ಯದ ದೊಡ್ಡ ನಾಯಕರೆಲ್ಲ ಬಹುತೇಕ ನಿಜಲಿಂಗಪ್ಪನವರ ಕಡೆ ನಿಂತರು. ಅರಸು ಇಂದಿರಾ ಗಾಂಧಿ ಕಡೆ ಹೋದರು. 1972ರ ಚುನಾವಣೆಯಲ್ಲಿ ಟಿಕೆಟ್ ಹಂಚುವಾಗ ಸಣ್ಣ ಸಣ್ಣ ಜಾತಿಯವರಿಗೆ, ಹಿಂದೆ ಯಾರೂ ಕೇಳದಿದ್ದವರಿಗೆ ಅವಕಾಶ ಕೊಟ್ಟರು. ಪಕ್ಷ ಭಾರಿ ಬಹುಮತದಿಂದ ಗೆದ್ದಿತು. ಮಾರ್ಚ್ 20ಕ್ಕೆ ಅರಸು ಮುಖ್ಯಮಂತ್ರಿ ಆದರು.

ಕೋರ್ಟ್ ತಡೆದಿದ್ದ ಮೆಡಿಕಲ್ ಸೀಟು

ಅವರ ಮುಂದೆ ಹಳೆಯ ಗಂಟೊಂದು ಹಾಗೇ ಇತ್ತು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲೇ ಮಿಲ್ಲರ್ ಸಮಿತಿ ಮಾಡಿ, ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ದಾರಿ ಮಾಡಿಕೊಟ್ಟಿದ್ದರು. ಸ್ವಾತಂತ್ರ್ಯ ಬಂದ ಮೇಲೆ ನಾಗನಗೌಡ ಸಮಿತಿ ಬಂತು. ಅದರ ವರದಿ ಇಟ್ಟುಕೊಂಡು ಸರ್ಕಾರ 1962ರ ಜುಲೈ 31ರಂದು ಒಂದು ಆದೇಶ ಮಾಡಿತು. ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಎಲ್ಲ ಸೇರಿ ಶೇ 68 ಸೀಟು ಮೀಸಲು.

ಎರಡೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದು ಹಾಕಿತು. ಕಾನೂನು ಓದುವವರಿಗೆ ಇದು ಬಾಲಾಜಿ ಕೇಸು. ಜಾತಿ ಒಂದನ್ನೇ ಅಳತೆ ಮಾಡಬೇಡಿ, ಒಟ್ಟು ಮೀಸಲು ಶೇ 50ರ ಒಳಗೆ ಇರಲಿ ಅನ್ನೋದು ಕೋರ್ಟಿನ ತಾತ್ಪರ್ಯ.

ಆಗ ಸರ್ಕಾರ ಜಾತಿ ಬಿಟ್ಟು 1963ರಲ್ಲಿ ಕಸುಬು, ಆದಾಯ ಹಿಡಿಯಿತು. ವರ್ಷಕ್ಕೆ 1,200 ರೂಪಾಯಿ ಒಳಗಿನ ಕುಟುಂಬ, ಕಸುಬು ನೋಡಿದರೆ ಬೇಸಾಯಗಾರ, ಕುಶಲಕರ್ಮಿ, ಸಣ್ಣ ವ್ಯಾಪಾರಿ, ಕೆಳದರ್ಜೆ ನೌಕರ, ಮೈ ಮುರಿದು ದುಡಿಯುವವನು, ಇಂಥವರ ಮಕ್ಕಳಿಗೆ ಶೇ 30. ಚಿಲ್ಲರೆ ಅಂಗಡಿ ಇಟ್ಟವನ ಮಗನೂ ಇದರಲ್ಲಿ ಬರುತ್ತಿದ್ದ. ಕೇಳೋಕೆ ಚೆನ್ನಾಗಿದೆ. ತೊಂದರೆ ಎಲ್ಲಿ ಅಂದರೆ, ಆದಾಯ ಕಡಿಮೆ ಅಂತ ತೋರಿಸುವ ಕಾಗದ ಯಾರು ಬೇಕಾದರೂ ತರಬಹುದು. ಶಾಲೆಯ ಮುಖವನ್ನೇ ನೋಡದ ಅಲೆಮಾರಿ ಜಾತಿಯವರು, ಕ್ಷೌರಿಕರು, ಮಡಿವಾಳರು ಅದೇ ಸಾಲಿನಲ್ಲಿ ನಿಂತರೆ, ತಲೆಮಾರಿನಿಂದ ಓದಿಕೊಂಡು ಬಂದ ಬಡವನ ಜತೆ ಪೈಪೋಟಿ ಮಾಡಬೇಕಿತ್ತು. ಡಾಕ್ಟರ್ ಸೀಟು ಅವರ ತನಕ ಬರುವುದು ಕಷ್ಟವೇ ಇತ್ತು.

ಮೊದಲು ಕೇಳೋಣ ಅಂದರು

ಅರಸು ಅಧಿಕಾರಕ್ಕೆ ಬಂದು ಐದು ತಿಂಗಳೂ ಆಗಿರಲಿಲ್ಲ. 1972ರ ಆಗಸ್ಟ್ 8ರಂದು ಕರ್ನಾಟಕದ ಮೊದಲ ಹಿಂದುಳಿದ ವರ್ಗಗಳ ಆಯೋಗ ನೇಮಿಸಿದರು. ಅಧ್ಯಕ್ಷರು ವಕೀಲ ಎಲ್.ಜಿ. ಹಾವನೂರು. ರಾಣೆಬೆನ್ನೂರು ಕಡೆಯವರು, ವಾಲ್ಮೀಕಿ ನಾಯಕ ಸಮುದಾಯದವರು.

ಸರ್ಕಾರ ಮನಸ್ಸು ಮಾಡಿದ್ದರೆ ವಿಧಾನಸೌಧದಲ್ಲೇ ಕೂತು ಒಂದು ಪಟ್ಟಿ ಟೈಪ್ ಮಾಡಿಸಬಹುದಿತ್ತು. ಆದರೆ ಬಾಲಾಜಿ ಕೇಸಿನ ನಂತರ ಅಂಥ ಪಟ್ಟಿ ಕೋರ್ಟಿನಲ್ಲಿ ಒಂದು ದಿನವೂ ನಿಲ್ಲುತ್ತಿರಲಿಲ್ಲ. ಅದಕ್ಕೇ ಆಯೋಗ ಎರಡು ದಾರಿ ಹಿಡಿಯಿತು. ಒಂದು, ಪ್ರಶ್ನಾವಳಿ ಹಂಚಿ, ಜಿಲ್ಲೆ ಜಿಲ್ಲೆಗೆ ಹೋಗಿ, ಸಮುದಾಯದ ಸಂಘಗಳಿಂದ ಮನವಿ ತಗೊಂಡು, ಸಾಕ್ಷ್ಯ ಕೇಳುವುದು. ಇನ್ನೊಂದು, ಹಳ್ಳಿ ಮತ್ತು ಪಟ್ಟಣದ ಬ್ಲಾಕ್‌ಗಳನ್ನು ಆರಿಸಿಕೊಂಡು ಮನೆ ಮನೆ ಎಣಿಸುವುದು. ಹೀಗೆ 63 ಸಾವಿರಕ್ಕೂ ಹೆಚ್ಚು ಮನೆ, ಸುಮಾರು ಮೂರೂವರೆ ಲಕ್ಷ ಜನರ ಲೆಕ್ಕ ಸಿಕ್ಕಿತು. ಕಂಪ್ಯೂಟರ್ ಮನೆಮಾತಾಗಿರದ ಕಾಲದಲ್ಲಿ ಇದು ಸಣ್ಣ ಕೆಲಸ ಅಲ್ಲ.

ಈ ಎಣಿಕೆ ಯಾಕೆ ಬೇಕಿತ್ತು ಅಂದರೆ, ದೇಶದಲ್ಲಿ ಜಾತಿವಾರು ಪೂರ್ತಿ ಜನಗಣತಿ ಕೊನೆಗೆ ನಡೆದದ್ದು 1931ರಲ್ಲಿ. ನಲವತ್ತು ವರ್ಷ ಹಳೇ ಅಂಕಿ ಹಿಡಿದುಕೊಂಡು ಯಾರಿಗೆ ಏನು ಕೊಡೋದು?

ಅಳತೆಗೋಲು ಕೂಡ ಸರಳವಾಗಿತ್ತು. 1972ರ ಎಸ್ಸೆಸ್ಸೆಲ್ಸಿ ಫಲಿತಾಂಶ ತೆಗೆದುಕೊಂಡರು. ಸಾವಿರ ಜನಸಂಖ್ಯೆಗೆ ಎಷ್ಟು ಮಂದಿ ಪಾಸ್ ಅಂತ ಜಾತಿವಾರು ನೋಡಿದರು. ರಾಜ್ಯದ ಸರಾಸರಿ 1.69. ಅಂದರೆ ಹತ್ತು ಸಾವಿರ ಜನ ಇರುವ ಜಾತಿಯಲ್ಲಿ 17 ಮಕ್ಕಳಾದರೂ ಪಾಸಾಗಿರಬೇಕು. 12 ಮಕ್ಕಳು ಪಾಸಾಗಿದ್ದರೆ ಅದು ಹಿಂದುಳಿದ ಸಮುದಾಯ. ಸರಾಸರಿಯ ಅರ್ಧಕ್ಕಿಂತ ಕೆಳಗೆ, ಎಂಟೋ ಏಳೋ ಮಕ್ಕಳಿದ್ದರೆ ಹಿಂದುಳಿದ ಜಾತಿ ಅಥವಾ ಹಿಂದುಳಿದ ಬುಡಕಟ್ಟು. ನೌಕರಿಯ ಪಟ್ಟಿಗೆ ಬಂದಾಗ ಸರ್ಕಾರಿ ಕೆಲಸದಲ್ಲಿ ಆ ಜಾತಿಯ ಪಾಲು ಎಷ್ಟಿದೆ ಅಂತಲೂ ನೋಡಿದರು.

1975ರ ನವೆಂಬರ್ 19ರಂದು ವರದಿ ಬಂತು. ಓದಿನ ಮೀಸಲಿಗೆ 15 ಸಮುದಾಯ, 128 ಜಾತಿ, 62 ಬುಡಕಟ್ಟುಗಳ ಪಟ್ಟಿ. ಅವಕ್ಕೆ ಕ್ರಮವಾಗಿ ಶೇ 16, 10, 6. ಒಟ್ಟು ಶೇ 32. ಪರಿಶಿಷ್ಟರ ಶೇ 18 ಸೇರಿಸಿದರೆ ಸರಿಯಾಗಿ 50. ಎಷ್ಟೋ ಜಾತಿಗಳ ಹೆಸರು ಸರ್ಕಾರದ ಕಾಗದದಲ್ಲಿ ಹೀಗೆ ಲೆಕ್ಕ ಸಮೇತ ಬಂದದ್ದು ಅದೇ ಮೊದಲು. ಕೇಂದ್ರದ ಮಂಡಲ್ ವರದಿ ಬಂದದ್ದು ಇದಕ್ಕೆ ಐದು ವರ್ಷ ಆದ ಮೇಲೆ, 1980ರಲ್ಲಿ.

ಗಲಾಟೆ, ಕೋರ್ಟು

ವರದಿಗೆ ವಿಧಾನಸಭೆಯ ಒಳಗೂ ಹೊರಗೂ ಜೋರು ವಿರೋಧ ಬಂತು. ಒಕ್ಕಲಿಗರು ಪಟ್ಟಿಯಲ್ಲಿದ್ದರು, ಲಿಂಗಾಯತರು ಇರಲಿಲ್ಲ. ಇದು ದೊಡ್ಡ ಜಗಳಕ್ಕೆ ಕಾರಣ ಆಯ್ತು. ಅರಸು ವರದಿಯನ್ನು ಪೆಟ್ಟಿಗೆಯಲ್ಲಿ ಇಡಲಿಲ್ಲ. ಹಾಗಂತ ಬಂದ ಹಾಗೇ ಒಪ್ಪಲೂ ಇಲ್ಲ. 1977ರ ಫೆಬ್ರವರಿ 22ರ ಆದೇಶದಲ್ಲಿ ಮುಸ್ಲಿಮರನ್ನು ಸೇರಿಸಿದರು. ಜಾತಿ ಯಾವುದೇ ಇರಲಿ, ಬಡವರಿಗೆ ಅಂತ ಶೇ 5ರ ವಿಶೇಷ ಗುಂಪು ಮಾಡಿದರು. ಹಿಂದುಳಿದ ಸಮುದಾಯದ ಪಾಲನ್ನು 16ರಿಂದ 20ಕ್ಕೆ ಏರಿಸಿದರು.

ಮತ್ತೆ ಕೋರ್ಟ್ ಮೆಟ್ಟಿಲು. 1979ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಆ ಆದೇಶದ ಕೆಲವು ಭಾಗ ರದ್ದು ಮಾಡಿತು. ಪಟ್ಟಿಯಿಂದ ಹೊರಗೆ ಹೋದ ಹೆಸರುಗಳಲ್ಲಿ ಅರಸು ಸಮುದಾಯವೂ ಒಂದು. ಮುಖ್ಯಮಂತ್ರಿಯ ಸ್ವಂತ ಜಾತಿ, ಅವರ ಅಧಿಕಾರ ಇರುವಾಗಲೇ ಪಟ್ಟಿಯಿಂದ ಬಿತ್ತು. ಆ ಜಾತಿಯನ್ನು ಪಟ್ಟಿಗೆ ಹಾಕಿದ್ದು ಸರಿಯಿತ್ತಾ ಅಂತ ಇವತ್ತಿಗೂ ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಪಟ್ಟಿ ಪೂರ್ತಿ ಬಿದ್ದು ಹೋಗಲಿಲ್ಲ. 1962ರ ಆದೇಶಕ್ಕೆ ಬಂದ ಗತಿ ಇದಕ್ಕೆ ಬರಲಿಲ್ಲ. ಕಾರಣ ಅದರ ಹಿಂದೆ ಎಣಿಕೆ ಇತ್ತು.

ಬರೀ ಮೀಸಲಾತಿ ಅಷ್ಟೇ ಅಲ್ಲ

ಅರಸು ಕಾಲದ ಇನ್ನೊಂದು ದೊಡ್ಡ ಕೆಲಸ ಭೂಸುಧಾರಣೆ. 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುವವನು ಏಳನೇ ಫಾರಂ ತುಂಬಿ ತಾಲ್ಲೂಕಿನ ಭೂ ನ್ಯಾಯಮಂಡಳಿಗೆ ಕೊಡುವ ಹಾಗಾಯಿತು. ಮಂಡಳಿ ಮುಂದೆ ವಕೀಲರಿಗೆ ಅವಕಾಶ ಇರಲಿಲ್ಲ. ಗೇಣಿದಾರ ತಾನೇ ನಿಂತು ಹೇಳಬೇಕು, ಧಣಿಯೂ ತಾನೇ ಹೇಳಬೇಕು. ಇಲ್ಲೂ ಅದೇ ರೀತಿ, ಮೊದಲು ಕೇಳುವುದು, ಆಮೇಲೆ ಕೊಡುವುದು.

ತಲೆ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸುವ ಆದೇಶ ಬಂದದ್ದೂ ಈ ಸರ್ಕಾರದಲ್ಲೇ. ಅದರ ಹಿಂದೆ ನಿಂತವರು ಮಂತ್ರಿ ಬಿ. ಬಸವಲಿಂಗಪ್ಪ. ಇದು ಮರ್ಯಾದೆಯ ಪ್ರಶ್ನೆ ಹೇಗೋ ಆರೋಗ್ಯದ ಪ್ರಶ್ನೆಯೂ ಹಾಗೇ. ದೇಶಕ್ಕೆ ಇಂಥ ಕಾನೂನು ಬಂದದ್ದು 1993ರಲ್ಲಿ. ಜೀತ ಬಿಡಿಸುವ ಕೆಲಸ ನಡೆಯಿತು. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್‌ಗಳು ಹೆಚ್ಚಾದವು. ಹಳ್ಳಿಯಿಂದ ಬಂದ ಹುಡುಗನಿಗೆ ಸೀಟು ಸಿಕ್ಕಿದರೆ ಸಾಲದು, ಉಳಿಯೋಕೆ ಜಾಗ, ಎರಡು ಹೊತ್ತು ಊಟ ಬೇಕು. ಬೋರ್ಡಿಂಗ್ ಶಾಲೆಯಲ್ಲಿ ಓದಿದ್ದ ಅರಸುಗೆ ಇದನ್ನು ಬೇರೆಯವರು ಹೇಳಿಕೊಡಬೇಕಿರಲಿಲ್ಲ. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟದ್ದೂ ಇವರ ಕಾಲದಲ್ಲೇ.

ಇನ್ನೊಂದು ಮುಖವನ್ನೂ ಹೇಳಬೇಕು. ಹಾವನೂರು ವರದಿ ಬಂದದ್ದು ತುರ್ತು ಪರಿಸ್ಥಿತಿಯ ನಡುವೆ. ಜನರನ್ನು ಕೇಳಿ ಬರೆದ ವರದಿ ಕೈಗೆ ಬಂದ ದಿನಗಳಲ್ಲೇ, ಪ್ರಶ್ನೆ ಕೇಳಿದ ಎಷ್ಟೋ ಜನ ಇದೇ ರಾಜ್ಯದ ಜೈಲುಗಳಲ್ಲಿದ್ದರು. ಭ್ರಷ್ಟಾಚಾರದ ಆರೋಪಗಳೂ ಬಂದವು. ಕೇಂದ್ರದ ಜನತಾ ಸರ್ಕಾರ ನೇಮಿಸಿದ ಗ್ರೋವರ್ ಆಯೋಗ ಕೆಲವು ಆರೋಪಗಳನ್ನು ಎತ್ತಿ ಹಿಡಿಯಿತು. ಆದರೂ 1978ರಲ್ಲಿ ಜನ ಮತ್ತೆ ಗೆಲ್ಲಿಸಿದರು. ಹಾವನೂರು ಕೂಡ ಅರಸು ಸಂಪುಟದಲ್ಲಿ ಮಂತ್ರಿ ಆದರು.

1979ರಲ್ಲಿ ಇಂದಿರಾ ಗಾಂಧಿ ಜತೆ ಅರಸು ಮುರಿದುಕೊಂಡರು. 1980ರ ಜನವರಿಯಲ್ಲಿ ಕುರ್ಚಿ ಹೋಯಿತು. ಗುಂಪು ಗುಂಪಾಗಿ ಶಾಸಕರು ಬಿಟ್ಟು ಹೋದರು. ಅವರೇ ಟಿಕೆಟ್ ಕೊಟ್ಟು ಬೆಳೆಸಿದವರೂ ಹೋದರು. 1982ರ ಜೂನ್ 6ರಂದು ತೀರಿಕೊಂಡಾಗ ಅರಸುಗೆ 66 ವರ್ಷ.

ನಮ್ಮ ಸರ್ಟಿಫಿಕೇಟಿನಲ್ಲಿ ಉಳಿದದ್ದು

ಆಮೇಲೆ ವೆಂಕಟಸ್ವಾಮಿ ಆಯೋಗ ಬಂತು, ಚಿನ್ನಪ್ಪ ರೆಡ್ಡಿ ಆಯೋಗ ಬಂತು, ಪಟ್ಟಿಗಳು ಬದಲಾದವು. ಇವತ್ತು ನಾಡಕಚೇರಿಯಲ್ಲಿ ನಾವು ತೆಗೆಸುವ ಜಾತಿ ಸರ್ಟಿಫಿಕೇಟಿನಲ್ಲಿ ಪ್ರವರ್ಗ 1, 2ಎ, 2ಬಿ, 3ಎ, 3ಬಿ ಅಂತ ಇರುತ್ತದಲ್ಲ, ಅವುಗಳ ಪಾಲು 4, 15, 4, 4, 5. ಕೂಡಿಸಿ ನೋಡಿ, 32. ಹಾವನೂರು ಆಯೋಗ ಹೇಳಿದ್ದ ಒಟ್ಟು ಅಂಕಿಯೂ ಅದೇ. ಮೆಡಿಕಲ್ ಸೀಟಿಗೆ ಕೆಇಎ ಕೌನ್ಸೆಲಿಂಗ್‌ನಲ್ಲಿ ಕೂರುವ ಹುಡುಗಿ, ಆಸ್ಪತ್ರೆಯಲ್ಲಿ ನರ್ಸ್ ಹುದ್ದೆಗೆ ಅರ್ಜಿ ಹಾಕುವ ಹುಡುಗ, ಹಾಸ್ಟೆಲ್ ಸೀಟಿಗೆ ಕಾಯುವ ಮಗು, ಎಲ್ಲರೂ ಆ ಸಾಲಿನಲ್ಲೇ ತಮ್ಮ ಜಾಗ ಹುಡುಕುತ್ತಾರೆ.

ಆ ಸಾಲು ಬದಲಾಗಬೇಕಾ, ಯಾರದ್ದು ಜಾಸ್ತಿ ಆಯ್ತು, ಯಾರದ್ದು ಕಡಿಮೆ ಆಯ್ತು ಅನ್ನೋ ವಾದ ಮುಗಿದಿಲ್ಲ, ಮುಗಿಯೋದೂ ಇಲ್ಲ. ಆದರೆ ವಾದ ಮಾಡೋಕೆ ಅಂಕಿ ಬೇಕು. ಹಾವನೂರು ಆಯೋಗಕ್ಕೆ ಉತ್ತರ ಹೇಳಿದ ಮನೆಗಳಿಂದ ಆ ಅಂಕಿ ಬಂತು. ಬಾಗಿಲು ಹಾಕಿಕೊಂಡ ಮನೆಯ ಓದು, ಕೆಲಸ, ಬಡತನ ಯಾವ ವರದಿಯಲ್ಲೂ ಬರುವುದಿಲ್ಲ, ಅದು ಯಾವ ಜಾತಿಯ ಮನೆಯಾದರೂ ಅಷ್ಟೇ.

2027ರ ಜನಗಣತಿಯಲ್ಲಿ ಜಾತಿಯನ್ನೂ ಕೇಳುವುದಾಗಿ ಕೇಂದ್ರ ಸರ್ಕಾರ ಘೋಷಿಸಿದೆ. 1931ರ ನಂತರ ಇದೇ ಮೊದಲು. ಎಣಿಕೆಯವರು ನಮ್ಮ ಬೀದಿಗೂ ಬರುತ್ತಾರೆ. ಅಂಗಡಿ ಮೇಲಿನ ಬಾಡಿಗೆ ರೂಮಿನವರು, ಗೋಡೌನ್ ಹುಡುಗರು, ಹೊರ ಜಿಲ್ಲೆಯಿಂದ ಬಂದು ಕೆಲಸ ಮಾಡುವವರು ಈ ಲೆಕ್ಕದಲ್ಲಿ ಮೊದಲು ತಪ್ಪಿ ಹೋಗುತ್ತಾರೆ. ಅಂಗಡಿ ಮಾಲೀಕರು ಅವರಿಗೂ ಒಂದು ಮಾತು ಹೇಳಿಡುವುದು ಒಳ್ಳೆಯದು.