ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರವರು

ಕೆರೆಯನ್ನು ಕಟ್ಟುವುದು ಶಿವಪೂಜೆಗಿಂತ ಬೇರೆಯಾದುದಲ್ಲವೆಂಬುದನ್ನು ಸೊನ್ನಲಿಗೆಯ ಸಿದ್ಧರಾಮೇಶ್ವರರು ಹನ್ನೆರಡನೆಯ ಶತಮಾನದಲ್ಲಿಯೇ ತಮ್ಮ ಕಾಯಕದಿಂದ ತೋರಿಸಿಕೊಟ್ಟರು. ಮತದಿಂದ ಅನ್ಯರಾದರೂ ಅಂತಹ ಲೋಕೋಪಕಾರವನ್ನು ಮೈಸೂರು ಸೀಮೆಯಲ್ಲಿ ರಾಜ್ಯಾಧಿಕಾರದ ಮೂಲಕ, ಅದೂ ಕಾಲವಿಳಂಬಕ್ಕೆ ಎಡೆಗೊಡದೆ, ನಡೆಯಿಸಿದವರು ಶೇಷಾದ್ರಿ ಅಯ್ಯರವರು. ಅವರ ಚರಿತ್ರೆಯನ್ನು ನಮ್ಮ ಶಿಷ್ಯವರ್ಗದವರು ತಿಳಿದಿರುವುದು ಯುಕ್ತವೇ ಸರಿ.

ಇವರು 1845ನೆಯ ಇಸವಿ ಜೂನ್ 1ರಂದು ಪಾಲಕ್ಕಾಡು ಸೀಮೆಯ ಕುಮಾರಪುರದಲ್ಲಿ ಜನಿಸಿದರು. ಮದರಾಸಿನಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ, ರಂಗಾಚಾರ್ಲುರವರ ಪ್ರೇರಣೆಯಿಂದ 1868ರಲ್ಲಿ ಮೈಸೂರಿನ ಸೇವೆಗೆ ಬಂದರು. 1883ರಲ್ಲಿ ರಂಗಾಚಾರ್ಲುರವರು ಕಾಲವಶರಾಗಲು, ಚಾಮರಾಜೇಂದ್ರ ಒಡೆಯರವರು ಮೂವತ್ತೇಳು ವರ್ಷ ವಯಸ್ಸಿನ ಇವರಿಗೆ ದಿವಾನಗಿರಿಯನ್ನು ಒಪ್ಪಿಸಿದರು.

ಆಗಿನ ರಾಜ್ಯದ ಸ್ಥಿತಿಯಾದರೋ ಶೋಚನೀಯವಾಗಿದ್ದಿತು. 1876ರಿಂದ 1878ರ ವರೆಗಿನ ಘೋರಕ್ಷಾಮದಲ್ಲಿ ಪ್ರಜೆಗಳಲ್ಲಿ ಐದರಲ್ಲೊಂದು ಪಾಲಿನಷ್ಟು ಮಂದಿ ಅಳಿದಿದ್ದರು. ಬೊಕ್ಕಸದ ಮೇಲೆ 80 ಲಕ್ಷ ರೂಪಾಯಿಗಳ ಸಾಲವು ನಿಂತಿದ್ದಿತು. ಮದರಾಸಿನ ಕಡೆಯಿಂದ ಬೆಂಗಳೂರಿನ ತನಕ ರೈಲಿನಲ್ಲಿ ಧಾನ್ಯವೇನೋ ಬಂದಿತ್ತು. ಅಲ್ಲಿಂದಾಚೆಗೆ ಅದನ್ನು ಎಳೆಯಬೇಕಾದ ಎತ್ತುಗಳು ಮೇವಿಲ್ಲದೆ ಸತ್ತಿದ್ದವು. ಮೂಟೆಗಳು ಒಂದೆಡೆ, ಹಸಿದವರು ಇನ್ನೊಂದೆಡೆ. ದಾರಿಯ ಕಾರ್ಯವು ತಡವಾದರೆ ಅದರ ಬೆಲೆಯನ್ನು ಪ್ರಾಣದಿಂದಲೇ ತೆರಬೇಕಾಗುವುದೆಂಬುದು ಹೊಸ ದಿವಾನರ ಮನಸ್ಸಿನಲ್ಲಿ ನಾಟಿದ್ದಿತು.

ಆದುದರಿಂದ ಸಾಲವು ತೀರಲಿ, ಆಮೇಲೆ ಕಟ್ಟೋಣವೆಂದು ಅವರು ಕಾಯಲಿಲ್ಲ. ನೆಲಮಂಗಲದ ಸೀಮೆಯನ್ನು ಹಾದು ತುಮಕೂರಿಗೆ ಹೋಗುವ ರೈಲುದಾರಿಯು 1884ರಲ್ಲಿಯೇ ತೆರೆಯಿತು. 1889ರಲ್ಲಿ ಅದು ಹರಿಹರವನ್ನು ಮುಟ್ಟಿತು. 1893ರ ಹೊತ್ತಿಗೆ ದೊಡ್ಡಬಳ್ಳಾಪುರದ ಮೇಲೆ ಹಿಂದೂಪುರಕ್ಕೆ ಮತ್ತೊಂದು ದಾರಿಯಾಯಿತು.

ಬೆಂಗಳೂರಿನ ನೀರಿನ ಕಷ್ಟವು ಬೇರೊಂದು. ಧರ್ಮಾಂಬುಧಿ, ಸಂಪಂಗಿ, ಹಲಸೂರು ಮೊದಲಾದ ಕೆರೆಗಳು ಬೇಸಗೆಯಲ್ಲಿ ಬತ್ತುತ್ತಿದ್ದವು, ಮಳೆಗಾಲದಲ್ಲಿ ಊರಿನ ಕೊಳೆಯನ್ನೆಲ್ಲ ಹೊತ್ತುಕೊಳ್ಳುತ್ತಿದ್ದವು. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕೆರೆಗಳ ಮೂಲಕ ಇಳಿದುಬರುವ ಅರ್ಕಾವತಿಗೆ ಹೆಸರಘಟ್ಟದಲ್ಲಿ ಏರಿಯನ್ನು ಕಟ್ಟಿಸಿ, ಇಟ್ಟಿಗೆಯ ಕಾಲುವೆಯಲ್ಲಿ ಸೋಲದೇವನಹಳ್ಳಿಯ ತನಕ ನೀರು ತಾನಾಗಿ ಹರಿದುಬರುವಂತೆಯೂ ಅಲ್ಲಿಂದ ಯಂತ್ರಗಳು ಅದನ್ನು ಪಟ್ಟಣಕ್ಕೆ ಎತ್ತುವಂತೆಯೂ ಏರ್ಪಡಿಸಿದರು. 1896ರ ಹೊತ್ತಿಗೆ ನಲ್ಲಿಯ ನೀರು ಪಟ್ಟಣವನ್ನು ಸೇರಿತು. ಒಂದೇ ಹೊಳೆಯ ಮಳೆಯನ್ನು ನಂಬಿದ ಕಾರ್ಯವಾದುದರಿಂದ ಮುಂದೆ ಅದು ಸಾಲದಾಯಿತು. ಶಿವಗಂಗೆಯ ಕುಮುದ್ವತಿಯು ಅರ್ಕಾವತಿಯನ್ನು ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಚಾಮರಾಜಸಾಗರವನ್ನು ಕಟ್ಟಬೇಕಾಯಿತು. ಆದರೂ ಆ ನಡುವಣ ಮೂವತ್ತೇಳು ವರ್ಷ ಪಟ್ಟಣದ ಬಾಯಾರಿಕೆಯನ್ನು ಕಳೆದುದು ಹೆಸರಘಟ್ಟವೇ.

ಶಿವನಸಮುದ್ರದ ವಿದ್ಯುತ್ತಿನ ಕಾರ್ಯದಲ್ಲಿ ಇವರ ಕ್ರಮವು ಇನ್ನೂ ಚೆನ್ನಾಗಿ ಕಾಣುತ್ತದೆ. ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ 92 ಮೈಲಿಗಳ ದೂರ ತಂತಿಯ ಮೇಲೆ ಶಕ್ತಿಯನ್ನು ಕಳುಹಿಸಬಹುದೆಂದಾಗ ನಂಬದವರೇ ಹೆಚ್ಚು. ಅಷ್ಟು ಉದ್ದವಾದ ತಂತಿಯು ಆಗ ಲೋಕದಲ್ಲಿಯೇ ಎಲ್ಲಿಯೂ ಇರಲಿಲ್ಲ. ದಿವಾನರು ವಾದದಲ್ಲಿ ಕಾಲವನ್ನು ಕಳೆಯಲಿಲ್ಲ. ಶಕ್ತಿಯನ್ನು ಕೊಳ್ಳುವಂತೆ ಗಣಿಯ ಕಂಪೆನಿಗಳನ್ನು ಮೊದಲೇ ಒಪ್ಪಿಸಿದರು. ಹೊಣೆಯನ್ನು ಲಾಟ್‌ಬಿನಿಯರ್ ಎಂಬ ಒಬ್ಬ ಎಂಜಿನಿಯರ ಮೇಲೆ ಹೊರಿಸಿ, ಯಂತ್ರಗಳನ್ನು ಅಮೆರಿಕದಿಂದ ತರಿಸಿದರು. ಅಷ್ಟು ದೂರ ಹಡಗಿನಲ್ಲಿ ಬಂದ ಯಂತ್ರಗಳನ್ನು ಜಲಪಾತದ ಬಳಿಗೆ ಸಾಗಿಸಿದುದು ಮಾತ್ರ ಆನೆಗಳೂ ಎತ್ತುಗಳೂ!

ದೋಷಗಳಿಲ್ಲದಿರಲಿಲ್ಲ. ಅಧಿಕಾರವನ್ನೆಲ್ಲ ತಮ್ಮ ಕೈಯಲ್ಲಿಯೇ ಹಿಡಿದರೆಂದೂ, ಮದರಾಸಿನವರಿಗೆ ಹೆಚ್ಚಾಗಿ ಉದ್ಯೋಗಗಳನ್ನು ಕೊಟ್ಟರೆಂದೂ ಮೈಸೂರಿನವರಲ್ಲಿ ಅಸಮಾಧಾನವಿದ್ದಿತು, ಅದು ನಿರಾಧಾರವೆನ್ನಲಾಗದು. ಒಬ್ಬನೇ ನಿಶ್ಚಯಿಸಿದಾಗ ಕೆಲಸವು ಬೇಗ ಸಾಗುತ್ತದೆ. ಕೇಳಬೇಕಾದವರ ಮಾತು ಹಿಂದೆ ಉಳಿಯುವುದೂ ಉಂಟು.

ಹದಿನೆಂಟು ವರ್ಷಗಳ ದುಡಿಮೆಯಿಂದ ದೇಹವು ಸೋತು, 1901ರಲ್ಲಿ ದಿವಾನಗಿರಿಯನ್ನು ಬಿಟ್ಟು, ಅದೇ ವರ್ಷ ಸೆಪ್ಟೆಂಬರ್ 13ರಂದು ದೇಹತ್ಯಾಗ ಮಾಡಿದರು. ಶಿವನಸಮುದ್ರದಲ್ಲಿ ಆಗಲೂ ಕೆಲಸ ನಡೆದೇ ಇತ್ತು. 1902ನೆಯ ಇಸವಿ ಜೂನ್ 30ರಂದು ವಿದ್ಯುತ್ತು ಕೋಲಾರವನ್ನು ಮುಟ್ಟಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಹೊತ್ತಿಕೊಂಡವು.